ಸೊಂಟದ ಪಿಸ್ತೂಲು ಎಲ್ಲಿ ಕೈಕೊಡುತ್ತದೆ?

ಹೇಮಾವತಿ ಹಿನ್ನೀರಿನ ದಂಡೆಯ ಶೆಟ್ಟಿಹಳ್ಳಿಯಿಂದ ಹಿಡಿದು ಗೊರೂರು, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದವರೆಗೆ ಕೋವಿ ಎಂದರೆ ಕಣ್ಣಿಗೆ ಬರುವುದು ಉದ್ದನೆಯ ನಳಿಗೆ. ಬೆಳೆ ಕಾಯುವ ಕೇಪಿನ ಕೋವಿ, ಮನೆ ಸ್ವಲ್ಪ ಅನುಕೂಲವಾಗಿದ್ದರೆ ಒಂಟಿ ನಳಿಗೆಯದೋ ಜೋಡು ನಳಿಗೆಯದೋ ತೋಟೆ ಕೋವಿ. ಅರಕಲಗೂಡು ದಾಟಿದರೆ ಕೊಡಗು. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಗಡಿಯ ಈಚೆ ಆ ಮಾತಿಲ್ಲ, ಎಲ್ಲಕ್ಕೂ ಜಿಲ್ಲಾಧಿಕಾರಿ ಕಚೇರಿಯ ಮೆಟ್ಟಿಲು ಹತ್ತಲೇಬೇಕು.

ಈಗೀಗ ಅದೇ ಮನೆಗಳಲ್ಲಿ ಬೇರೊಂದು ವಿಚಾರಣೆ ಶುರುವಾಗಿದೆ. ಗುತ್ತಿಗೆದಾರರು, ಚಿನ್ನಬೆಳ್ಳಿ ಅಂಗಡಿಯವರು, ಫೈನಾನ್ಸ್ ನಡೆಸುವವರು, ತೋಟದೊಳಗೆ ಒಂಟಿ ಮನೆ ಕಟ್ಟಿಕೊಂಡವರು ಅಂಗಿಯ ಕೆಳಗೆ ಅಡಗುವಂಥ ಸಣ್ಣ ಪಿಸ್ತೂಲಿನ ಬಗ್ಗೆ ಕೇಳುತ್ತಾರೆ. ಎಲ್ಲರದೂ ಒಂದೇ ಪ್ರಶ್ನೆ: ‘ಯಾವ ಕಂಪನಿದು ನಂಬಬಹುದು ಸಾರ್?’

ಕಂಪನಿಗಿಂತ ಮೊದಲು ನೋಡಬೇಕಾದ್ದು ಅಳತೆ. ಪಿಸ್ತೂಲು ಸಣ್ಣದಾದಷ್ಟೂ ಅದು ತಪ್ಪನ್ನು ಸಹಿಸುವುದು ಕಡಿಮೆ. ಒಂದಿಷ್ಟು ಕೊಳೆ, ಹಳೆಯ ತೋಟೆ, ಸಡಿಲ ಹಿಡಿತ, ಒಣಗಿದ ಎಣ್ಣೆ, ಇವನ್ನೆಲ್ಲ ಪೊಲೀಸರ ಸೊಂಟದ ದೊಡ್ಡ ಪಿಸ್ತೂಲು ನುಂಗಿಕೊಂಡು ಕೆಲಸ ಮಾಡುತ್ತದೆ. ಅಂಗೈಯಷ್ಟರ ಪಿಸ್ತೂಲು ನುಂಗುವುದಿಲ್ಲ. ಅದನ್ನು ಕೊಳ್ಳುವವರು ಜೊತೆಗೆ ಅದರ ಚಾಕರಿಯನ್ನೂ ಕೊಂಡುಕೊಳ್ಳುತ್ತಾರೆ. ಚಾಕರಿ ಆಗದು ಎನ್ನುವವರಿಗೆ ರಿವಾಲ್ವರ್ ವಾಸಿ. ಅದೂ ಬೇಡವೆಂದರೆ ಗಟ್ಟಿ ಬಾಗಿಲು, ಒಳ್ಳೆಯ ದೀಪ, ಒಂದು ನಾಯಿ ಸಾಕು. ಹಂದಿ, ಚಿರತೆ, ಆನೆಯ ಭಯಕ್ಕೆ ಸಣ್ಣ ಪಿಸ್ತೂಲು ಬೇಕು ಎನ್ನುವವರಿಗಂತೂ ನೇರ ಉತ್ತರ: ಬೇಡ. ಆನೆಗೆ ಅದು ಲೆಕ್ಕಕ್ಕೇ ಇಲ್ಲ. ಚಿರತೆಯನ್ನು ಗಾಯಗೊಳಿಸಿದರೆ ಅದು ಇನ್ನೂ ಅಪಾಯಕಾರಿ, ಮೇಲೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೇಸು. ಬೆಳೆ ರಕ್ಷಣೆಗೆಂದು 1959ರ ಶಸ್ತ್ರಾಸ್ತ್ರ ಕಾಯ್ದೆ ಹೇಳುವುದೂ ಕೇಪಿನ ಕೋವಿಯನ್ನೇ, ಕೈಪಿಸ್ತೂಲನ್ನಲ್ಲ.

ಪರವಾನಗಿದಾರನಿಗೆ ಸಿಗುವುದೇನು

ಅಮೆರಿಕದ ಯೂಟ್ಯೂಬ್ ನೋಡಿಕೊಂಡು ಪಿಸ್ತೂಲು ಆರಿಸುವುದು ನಮ್ಮಲ್ಲಿ ದಂಡ. ಅಲ್ಲಿ ತೋರಿಸುವ 9 ಎಂಎಂ ನಮ್ಮ ದೇಶದಲ್ಲಿ ನಿಷೇಧಿತ ಬೋರ್. ಸಾಮಾನ್ಯ ನಾಗರಿಕರಿಗೆ ಪರವಾನಗಿ ಸಿಗುವ ಕೈಬಂದೂಕುಗಳಲ್ಲಿ ಬಹುಪಾಲು .32, ಅಲ್ಲೊಂದು ಇಲ್ಲೊಂದು .22. ಹೊರದೇಶದ ಕೈಬಂದೂಕನ್ನು ಖಾಸಗಿಯಾಗಿ ತರಿಸಿಕೊಳ್ಳುವ ದಾರಿ 1980ರ ದಶಕದ ಮಧ್ಯದಲ್ಲೇ ಮುಚ್ಚಿತು. ಹಾಗಾಗಿ ಇವತ್ತು ಅಂಗಡಿಯಲ್ಲಿ ಇರುವುದು ಎರಡೇ ಬಗೆ: ದೇಶದೊಳಗೆ ತಯಾರಾದದ್ದು, ಇಲ್ಲವೇ ಅಜ್ಜನ ಕಾಲದ ಆಮದು ಮಾಲು ಕೈಯಿಂದ ಕೈಗೆ ಬಂದದ್ದು.

ದೇಶೀ ಮಾಲಿನಲ್ಲಿ ಹಳೆಯ ಹೆಸರು ಕಾನ್ಪುರದ ಆರ್ಡ್‌ನೆನ್ಸ್ ಫ್ಯಾಕ್ಟರಿಯ .32 ರಿವಾಲ್ವರ್. ಆರು ತೋಟೆಯದು, ನಡುವೆ ಮಡಚಿ ತೆರೆಯುವಂಥದು. 2014ರಲ್ಲಿ ಅದೇ ಊರಿನಿಂದ ‘ನಿರ್ಭೀಕ್’ ಬಂತು. ಹೆಂಗಸರ ಕೈಗೆ ಹಗುರವಾಗಲಿ ಎಂದು ಟೈಟಾನಿಯಂ ಮಿಶ್ರಲೋಹದಲ್ಲಿ ಸುಮಾರು 500 ಗ್ರಾಂ ತೂಕಕ್ಕೆ ಇಳಿಸಿದ್ದು, ಆಗಿನ ಬೆಲೆ ಸುಮಾರು 1.22 ಲಕ್ಷ ರೂಪಾಯಿ. 2023ರಲ್ಲಿ ಬಂದ ‘ಪ್ರಬಲ್’ ರಿವಾಲ್ವರಿನ ಗುಂಡಿನ ಉರುಳೆ ಪಕ್ಕಕ್ಕೆ ಹೊರಳಿ ತೆರೆಯುತ್ತದೆ. ಪಿಸ್ತೂಲಿನಲ್ಲಿ .32ರ ‘ಅಶನಿ’ ಇದೆ. ‘ನಿಡರ್’ ಎಂಬ ಪುಟ್ಟ .22 ರಿವಾಲ್ವರ್ 250 ಗ್ರಾಂ ತೂಗುತ್ತದೆ. 2021ರ ಅಕ್ಟೋಬರ್ 1ರಂದು ಆರ್ಡ್‌ನೆನ್ಸ್ ಫ್ಯಾಕ್ಟರಿ ಮಂಡಳಿಯನ್ನು ಏಳು ಕಂಪನಿಗಳಾಗಿ ಒಡೆದ ಮೇಲೆ ಬಂದೂಕುಗಳು ಒಂದು ಕಂಪನಿಯ ಪಾಲು, ತೋಟೆಗಳು ಇನ್ನೊಂದರ ಪಾಲು. ಬ್ರಿಟಿಷರ ಕಾಲದ ವೆಬ್ಲಿ ಸ್ಕಾಟ್ ಹೆಸರು ಈಗ ಉತ್ತರ ಪ್ರದೇಶದ ಹರ್ದೋಯಿ ಜಿಲ್ಲೆಯ ಸಂಡೀಲಾದಲ್ಲಿ ತಯಾರಾಗುವ .32 ರಿವಾಲ್ವರಿನ ಮೇಲೂ ಇದೆ.

ಅಂಗಿಯ ಕೆಳಗೆ ಮುಚ್ಚಿ ಒಯ್ಯುವುದು ಏನೋ ಕದ್ದುಮುಚ್ಚಿ ಮಾಡುವ ಕೆಲಸ ಎಂದು ಕೆಲವರು ಅಂದುಕೊಂಡಿದ್ದಾರೆ. ನಮ್ಮಲ್ಲಿ ನಿಯಮ ಹೇಳುವುದೇ ಹಾಗೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಕೈಬಂದೂಕು ಹೋಲ್‌ಸ್ಟರಿನಲ್ಲೋ ಅಂಥದೇ ಚೀಲದಲ್ಲೋ ಇರಬೇಕು, ಪೂರ್ತಿ ಮುಚ್ಚಿರಬೇಕು, ಒಯ್ಯುವವನ ಹತೋಟಿಯಲ್ಲಿರಬೇಕು. ಮದುವೆ ಮನೆಯಲ್ಲಿ ಹೊರತೆಗೆದು ತೋರಿಸುವುದು, ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಇಡುವುದು ಎರಡೂ ತಪ್ಪು. ಸಂಭ್ರಮಕ್ಕೆಂದು ಗಾಳಿಯಲ್ಲಿ ಹಾರಿಸಿದರೆ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಒಬ್ಬರ ಹೆಸರಿನಲ್ಲಿ ಇರಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿದ್ದೂ ಅದೇ ತಿದ್ದುಪಡಿ. ಆಗಲೇ ಪರವಾನಗಿಯ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿತು.

ಸಿಕ್ಕಿಕೊಳ್ಳುವುದು ಯಾಕೆ

ಸಣ್ಣ .32 ಪಿಸ್ತೂಲಿನ ಒಳಗೆ ನಡೆಯುವುದು ಸರಳ ಕೆಲಸ. ಗುಂಡು ಮುಂದಕ್ಕೆ ಹೋದ ರಭಸಕ್ಕೆ ಹಿತ್ತಾಳೆಯ ಖಾಲಿ ಕವಚ ಹಿಂದಕ್ಕೆ ಒದೆಯುತ್ತದೆ. ಮೇಲಿನ ಜಾರುಭಾಗ, ಅಂದರೆ ಸ್ಲೈಡ್, ಆ ಒದೆತಕ್ಕೆ ಹಿಂದೆ ಸರಿದು ಖಾಲಿ ಕವಚವನ್ನು ಹೊರಗೆಸೆಯುತ್ತದೆ. ಸ್ಪ್ರಿಂಗ್ ಅದನ್ನು ಮತ್ತೆ ಮುಂದೆ ತಳ್ಳುವಾಗ ಮ್ಯಾಗಜಿನ್ನಿನ ಮೇಲಿನ ತೋಟೆಯನ್ನು ಎಳೆದುಕೊಂಡು ಹೋಗಿ ನಳಿಗೆಗೆ ಸೇರಿಸುತ್ತದೆ. ದೊಡ್ಡ ಪಿಸ್ತೂಲಿನಲ್ಲಿ ಸ್ಲೈಡ್ ಭಾರ, ಓಡಾಟ ಉದ್ದ. ತೋಟೆಯ ಉದ್ದಕ್ಕಿಂತ ಸಾಕಷ್ಟು ಹಿಂದಕ್ಕೆ ಹೋಗಿ ಬರುವುದರಿಂದ ಮುಂದಿನ ತೋಟೆ ಮೇಲೇರಲು ಪುರುಸೊತ್ತು ಸಿಗುತ್ತದೆ. ಸಣ್ಣದರಲ್ಲಿ ಸ್ಲೈಡ್ ಹಗುರ, ಆದ್ದರಿಂದ ಸ್ಪ್ರಿಂಗ್ ಬಿರುಸಾಗಿರಬೇಕು. ಓಡಾಟ ತೋಟೆಯ ಉದ್ದಕ್ಕಿಂತ ಕೂದಲೆಳೆಯಷ್ಟೇ ಹೆಚ್ಚು. ಎಲ್ಲವೂ ಸರಿಯಾಗಿದ್ದಾಗ ಮಾತ್ರ ಸರಿ. ಮ್ಯಾಗಜಿನ್ನಿನ ಸ್ಪ್ರಿಂಗ್ ಒಂಚೂರು ಸೊರಗಿದರೆ ತೋಟೆ ಮೇಲೇರುವ ಮೊದಲೇ ಸ್ಲೈಡ್ ದಾಟಿ ಹೋಗುತ್ತದೆ, ಟ್ರಿಗರ್ ಎಳೆದರೆ ‘ಟಕ್’ ಎಂಬ ಸದ್ದು ಮಾತ್ರ. ಕೈ ಸಡಿಲ ಹಿಡಿದರೆ ಪಿಸ್ತೂಲೇ ಹಿಂದಕ್ಕೆ ಹೋಗುತ್ತದೆ, ಸ್ಲೈಡಿಗೆ ಪೂರ್ತಿ ಓಟ ಸಿಗದೆ ಖಾಲಿ ಕವಚ ಬಾಗಿಲಲ್ಲೇ ನೆಟ್ಟಗೆ ನಿಂತುಬಿಡುತ್ತದೆ.

ಇದರ ಮೇಲೆ .32ರದೇ ಒಂದು ವಂಶದ ರೋಗ ಇದೆ. ಈ ತೋಟೆಯನ್ನು ರೂಪಿಸಿದವರು ಜಾನ್ ಬ್ರೌನಿಂಗ್, ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆಗಾಗಿ, 1899ರಲ್ಲಿ. ಯುರೋಪಿನಲ್ಲಿ ಇದಕ್ಕೆ 7.65 ಎಂಎಂ ಎನ್ನುತ್ತಾರೆ. ಕಲಬುರ್ಗಿ ಮತ್ತು ಗೌರಿ ಲಂಕೇಶ್ ಹತ್ಯೆಗಳ ತನಿಖೆಯ ಸುದ್ದಿಯಲ್ಲಿ ನಾವೆಲ್ಲ ಕೇಳಿದ ಸಂಖ್ಯೆ ಅದೇ. ಈ ತೋಟೆಯ ಬುಡದಲ್ಲಿ ಕವಚಕ್ಕಿಂತ ತುಸು ಹೊರಚಾಚಿದ ಅಂಚು ಇದೆ. ಮ್ಯಾಗಜಿನ್ನಿನಲ್ಲಿ ಮೇಲಿನ ತೋಟೆಯ ಅಂಚು ಕೆಳಗಿನದರ ಅಂಚಿನ ಮುಂದೆ ಇರಬೇಕು. ಹಿಂದೆ ಬಿದ್ದರೆ ಎರಡೂ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ಸ್ಲೈಡ್ ಎಷ್ಟು ಜಗ್ಗಿದರೂ ತೋಟೆ ಮುಂದೆ ಬಾರದು. ಹೀಗೆ ಸಿಕ್ಕಿದ್ದನ್ನು ಸ್ಲೈಡ್ ಎಳೆದು ಬಿಟ್ಟು ಸರಿಮಾಡಲು ಆಗುವುದಿಲ್ಲ. ಮ್ಯಾಗಜಿನ್ ಹೊರತೆಗೆದು ಉಗುರಿನಿಂದಲೋ ಕಡ್ಡಿಯಿಂದಲೋ ಬಿಡಿಸಬೇಕು, ಆಪತ್ತಿನಲ್ಲಿ ಅದಕ್ಕೆ ಯಾರು ಕಾಯುತ್ತಾರೆ? 1999ರಲ್ಲಿ ಅಮೆರಿಕದಲ್ಲಿ ಬಂದ ಕೆಲ್‌ಟೆಕ್ ಪಿ-32 ಎಂಬ ಅತಿ ಹಗುರ ಪಿಸ್ತೂಲಿನ ಮಾಲೀಕರೂ ಇದೇ ತಾಪತ್ರಯವನ್ನು ಹೇಳಿಕೊಂಡರು. ಉದ್ದ ಕಡಿಮೆ ಇರುವ, ಮೂತಿ ಗುಳಿಬಿದ್ದ ಗುಂಡಿನ ತೋಟೆ ಹಾಕಿದಾಗ ಮ್ಯಾಗಜಿನ್ನಿನಲ್ಲಿ ಹಿಂದೆಮುಂದೆ ಅಲ್ಲಾಡಲು ಜಾಗ ಉಳಿಯುತ್ತದೆ, ಅಂಚುಗಳು ದಾಟಿಕೊಳ್ಳುತ್ತವೆ. ಉಪಾಯ ಸುಲಭದ್ದೇ. ತುಂಬುವಾಗ ಪ್ರತಿ ತೋಟೆಯನ್ನೂ ಮುಂದಿನಿಂದ ಜಾರಿಸಿ, ಅಂಚು ಕೆಳಗಿನದರ ಮುಂದೆ ಕೂತಿದೆಯೇ ಎಂದು ಮ್ಯಾಗಜಿನ್ನಿನ ಪಕ್ಕದ ಕಂಡಿಯಲ್ಲಿ ನೋಡಿ. ತುಂಬಿದ ಮ್ಯಾಗಜಿನ್ನನ್ನು ಜೇಬಿನಲ್ಲಿ ಸಡಿಲವಾಗಿ ಕುಲುಕಾಡಲು ಬಿಡಬೇಡಿ.

ಸೇನೆಯಲ್ಲಿ ಆರ್ಮರರ್ ಆಗಿದ್ದು ನಿವೃತ್ತರಾದ ಹೊಳೆನರಸೀಪುರ ಕಡೆಯ ಹಿರಿಯರೊಬ್ಬರ ಮುಂದೆ ಯಾರಾದರೂ ‘ಪಿಸ್ತೂಲು ಸಿಕ್ಕಿಕೊಳ್ತದೆ’ ಎಂದು ದೂರು ತಂದರೆ ಅವರು ಪಿಸ್ತೂಲನ್ನು ಪಕ್ಕಕ್ಕಿಡುತ್ತಾರೆ. ‘ಮ್ಯಾಗಜಿನ್ ಕೊಡಪ್ಪ ಮೊದ್ಲು. ಹೆಂಡ್ತಿ ತಪ್ಪಿಗೆ ಗಂಡನ್ನ ಯಾಕೆ ಬೈತೀಯ’ ಎನ್ನುತ್ತಾರೆ. ಮ್ಯಾಗಜಿನ್ನಿನ ಮೇಲ್ತುಟಿಗಳನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಎರಡೂ ಸಮವಾಗಿ ಬಾಗಿವೆಯೇ ಎಂದು ನೋಡುತ್ತಾರೆ. ಒಮ್ಮೆ ಸಿಮೆಂಟ್ ನೆಲದ ಮೇಲೆ ಬಿದ್ದರೂ ಸಾಕು, ಒಂದು ತುಟಿ ಕೂದಲಷ್ಟು ಒಳಗೆ ಮಡಚಿ ತೋಟೆ ಓರೆ ಏರತೊಡಗುತ್ತದೆ. ಎರಡು ಮ್ಯಾಗಜಿನ್ ಇದ್ದರೆ ತಳದಲ್ಲಿ 1, 2 ಎಂದು ಬರೆಯುವುದು ಅವರ ಪಾಠ. ಸಿಕ್ಕಿಕೊಂಡದ್ದು ಯಾವುದರಲ್ಲಿ ಎಂದು ಗೊತ್ತಾದರೆ ಅರ್ಧ ರೋಗ ತಿಳಿದಂತೆ.

ರಿವಾಲ್ವರ್ ಕೈಕೊಡುವುದು ಅಪರೂಪ, ಕೊಟ್ಟರೆ ಪೂರ್ತಿ

ಯಾವಾಗಲಾದರೊಮ್ಮೆ ಕೈಗೆತ್ತಿಕೊಳ್ಳುವವರಿಗೆ ರಿವಾಲ್ವರ್ ಒಳ್ಳೆಯದು ಎನ್ನಲು ಕಾರಣ ಇದು: ಒಂದು ತೋಟೆ ಹಾರದಿದ್ದರೆ ಟ್ರಿಗರ್ ಮತ್ತೆ ಎಳೆದರಾಯಿತು, ಉರುಳೆ ತಿರುಗಿ ಮುಂದಿನದು ಬರುತ್ತದೆ. ಕೈ ನಡುಗಿದರೂ, ಹಿಡಿತ ಸಡಿಲವಾದರೂ ಅದಕ್ಕೆ ಚಿಂತೆಯಿಲ್ಲ. ತಿಂಗಳುಗಟ್ಟಲೆ ತುಂಬಿಟ್ಟರೂ ಸೊರಗಲು ಮ್ಯಾಗಜಿನ್ ಸ್ಪ್ರಿಂಗೇ ಇಲ್ಲ.

ಆದರೂ ಕೆಡುವುದಿಲ್ಲ ಎಂದೇನಲ್ಲ. ಖಾಲಿ ಕವಚಗಳನ್ನು ಮೇಲೆತ್ತುವ ನಕ್ಷತ್ರದಾಕಾರದ ಬಿಲ್ಲೆಯ ಅಡಿಗೆ ಉರಿಯದ ಮದ್ದಿನ ಕಾಳು ಒಂದೆರಡು ಸೇರಿದರೂ ಉರುಳೆ ಹಿಂದಿನ ಗೋಡೆಗೆ ಉಜ್ಜಿ ಬಿಗಿಯುತ್ತದೆ. ತೋಟೆಯ ತಳದ ಕೇಪು ಸ್ವಲ್ಪ ಹೊರಗೆ ಬಂದಿದ್ದರೂ ಅದೇ ಕತೆ. ಹಗುರ ರಿವಾಲ್ವರಿನ ಒದೆತಕ್ಕೆ ಉಳಿದ ತೋಟೆಗಳ ಗುಂಡು ಕವಚದಿಂದ ಮುಂದೆ ಸರಿದು ಉರುಳೆಯ ಬಾಯಿಂದ ಹೊರಗೆ ಇಣುಕಬಹುದು, ಆಗ ಉರುಳೆ ತಿರುಗುವುದೇ ಇಲ್ಲ. ಪಿಸ್ತೂಲು ಸಿಕ್ಕಿಕೊಂಡರೆ ತಿಳಿದವರು ಕ್ಷಣದಲ್ಲಿ ಬಿಡಿಸಿಯಾರು. ರಿವಾಲ್ವರ್ ಬಿಗಿದರೆ ಮೇಜು, ಸಲಕರಣೆ ಬೇಕು. ಹಾಗಾಗಿ ಪ್ರತಿ ಸಲ ಹೊಡೆದ ಮೇಲೆ ಆ ನಕ್ಷತ್ರದ ಅಡಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒರೆಸಲೇಬೇಕು. ತೋಟೆ ತುಂಬುವಾಗ ಪ್ರತಿಯೊಂದರ ತಳದ ಮೇಲೂ ಹೆಬ್ಬೆರಳು ಆಡಿಸಿ ಸಮನಾಗಿ ಕೂತಿದೆಯೇ ನೋಡಿ.

ಮಡಚಿ ತೆರೆಯುವ ಹಳೆಯ ಮಾದರಿಯಲ್ಲಿ ಸವೆಯುವುದು ಮೇಲಿನ ಕೊಂಡಿ. ಖಾಲಿ ಮಾಡಿ, ಎರಡು ಬಾರಿ ನೋಡಿ, ಹಿಡಿಯನ್ನೊಂದು ಕೈಯಲ್ಲಿ ನಳಿಗೆಯನ್ನೊಂದು ಕೈಯಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿದರೆ ಲಟಲಟ ಎನ್ನಬಾರದು. ಅಂದರೆ ಅದು ಹೊಡೆಯುವ ಸ್ಥಿತಿಯಲ್ಲಿ ಇಲ್ಲ.

.22ರ ‘ನಿಡರ್’ ಬಗ್ಗೆ ಒಂದು ಮಾತು. .22 ತೋಟೆಯಲ್ಲಿ ಸಿಡಿಮದ್ದು ತಳದ ನಡುವೆ ಇರದೆ ಅಂಚಿನೊಳಗೆ ಸುತ್ತಲೂ ಹರಡಿರುತ್ತದೆ. ಎಲ್ಲೋ ಒಂದು ಕಡೆ ತೆಳುವಾದರೆ ಹಾರದು. ಗುರಿ ಅಭ್ಯಾಸಕ್ಕೆ ಅಡ್ಡಿಯಿಲ್ಲ, ಪ್ರಾಣದ ಪ್ರಶ್ನೆಗೆ ನಾನು ಒಪ್ಪುವುದಿಲ್ಲ.

ಕಿಲುಬು ಹಿಡಿದ ತೋಟೆ

ಇಷ್ಟೆಲ್ಲ ಹೇಳಿದರೂ, ನಮ್ಮ ಕಡೆ ಕೈಬಂದೂಕು ಹಾರದಿರಲು ಬಂದೂಕಿಗಿಂತ ತೋಟೆಯೇ ಹೆಚ್ಚು ಸಲ ಕಾರಣ. ಪರವಾನಗಿಯಲ್ಲಿ ಬರೆದ ಮಿತಿಯೊಳಗೆ ತೋಟೆ ಕೊಳ್ಳಬೇಕು, ಬೆಲೆಯೂ ಚುರುಕು. ಹೀಗಾಗಿ ಜನ ಒಮ್ಮೆ ಕೊಂಡದ್ದನ್ನು ಬಂಗಾರದ ಹಾಗೆ ಬೀರುವಿನಲ್ಲಿ ಬಚ್ಚಿಡುತ್ತಾರೆ. ಪರಿಚಯದ ಮನೆಯೊಂದರಲ್ಲಿ ಚರ್ಮದ ಬೆಲ್ಟಿನ ಕುಣಿಕೆಗಳಲ್ಲಿ ಸಾಲಾಗಿ ಸಿಕ್ಕಿಸಿಟ್ಟಿದ್ದ .32 ತೋಟೆಗಳನ್ನು ಹೊರಗೆ ತೆಗೆಯಿಸಿ ನೋಡಿದೆ. ಚರ್ಮ ತಾಗಿದ ಜಾಗದಲ್ಲೆಲ್ಲ ಹಿತ್ತಾಳೆಯ ಮೇಲೆ ಹಸಿರು ಕಿಲುಬು ಪಟ್ಟಿ ಕಟ್ಟಿತ್ತು, ಉಗುರಿನಿಂದ ಕೆರೆದರೆ ಮೇಣದಂತೆ ಏಳುತ್ತಿತ್ತು. ಒಂದೆರಡು ತೋಟೆ ಕುಣಿಕೆಯಿಂದ ಈಚೆಗೇ ಬರಲಿಲ್ಲ. ಮನೆಯ ಯಜಮಾನರು ‘ಬಟ್ಟೆಗೆ ಹುಣಸೆಹಣ್ಣು ಹಾಕಿ ಉಜ್ಜಿದ್ರೆ ಹೋಗ್ತದಲ್ವಾ?’ ಎಂದರು. ಪೂಜೆಯ ತಂಬಿಗೆಗೆ ಸರಿ, ತೋಟೆಗಲ್ಲ. ಕಿಲುಬು ಹಿಡಿದ ಕವಚ ನಳಿಗೆಯಲ್ಲಿ ಪೂರ್ತಿ ಕೂರದು, ಕೂತರೂ ಹೊರಬಾರದು, ಲೋಹ ತಿಂದುಹೋಗಿದ್ದರೆ ಸೀಳಬಹುದು. ಅಂಥವನ್ನು ಪರವಾನಗಿ ಇರುವ ಅಂಗಡಿಗೆ ಒಪ್ಪಿಸಿ, ಪುಸ್ತಕದಲ್ಲಿ ನಮೂದು ಮಾಡಿಸಿ, ಹೊಸತು ತನ್ನಿ. ಒಲೆಗೆ, ಬಾವಿಗೆ, ಹಿನ್ನೀರಿಗೆ ಎಸೆಯಬೇಡಿ.

ಚರ್ಮ ಹದಮಾಡುವ ರಾಸಾಯನಿಕ ಮತ್ತು ಅದು ಹೀರಿಕೊಂಡ ತೇವ ಎರಡೂ ಲೋಹಕ್ಕೆ ವೈರಿ. ಚರ್ಮದ ಹೋಲ್‌ಸ್ಟರ್ ಹೊರಗೆ ಹೋಗುವಾಗ ಮಾತ್ರ. ಮನೆಗೆ ಬಂದ ಮೇಲೆ ಪಿಸ್ತೂಲಿಗೂ ತೋಟೆಗೂ ಅದರಿಂದ ಬಿಡುಗಡೆ ಸಿಗಬೇಕು. ತೋಟೆಯನ್ನು ಅಂಗಡಿಯ ರಟ್ಟಿನ ಪೆಟ್ಟಿಗೆಯಲ್ಲೇ ಇಟ್ಟು, ಬಿಗಿ ಮುಚ್ಚಳದ ಡಬ್ಬಿಯೊಳಗೆ ಎರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಚನ್ನರಾಯಪಟ್ಟಣದ ಒಣಹವೆಯಲ್ಲಿ ವರ್ಷಗಟ್ಟಲೆ ಬಾಳುವ ತೋಟೆ ಹಿನ್ನೀರಿನ ಪಕ್ಕದ ಹಂಚಿನ ಮನೆಯಲ್ಲಿ ಎರಡು ಮಳೆಗಾಲಕ್ಕೇ ಕಪ್ಪಾಗುತ್ತದೆ. ಮೈಮೇಲೆ ಒಯ್ಯುವ ತೋಟೆಗಳನ್ನು ವರ್ಷಕ್ಕೊಮ್ಮೆ ರೇಂಜಿನಲ್ಲಿ ಹೊಡೆದು ಮುಗಿಸಿ, ಹೊಸತು ತುಂಬುವುದು ಒಳ್ಳೆಯ ಪದ್ಧತಿ. ದುಡ್ಡು ಹೋಯಿತಲ್ಲ ಎಂದು ಅಳುವವರಿಗೆ ಪಿಸ್ತೂಲು ಯಾತಕ್ಕೆ ಎಂಬುದು ನನ್ನ ಪ್ರಶ್ನೆ.

ತೋಟೆಗೆ ಎಣ್ಣೆ ತಾಗಿಸಬಾರದು. ಸಂದಿಯಿಂದ ಒಳಗಿಳಿದು ಕೇಪನ್ನು ಸಾಯಿಸುತ್ತದೆ. ಬೈಕಿನ ಚೈನಿಗೆ ಹೊಡೆಯುವ ಸ್ಪ್ರೇಯಂತೂ ಹತ್ತಿರವೂ ಸುಳಿಯಬಾರದು.

ಇನ್ನೊಂದು ಎಡವಟ್ಟು ಅಂಗಡಿಯಲ್ಲೇ ಆಗುತ್ತದೆ. ‘ಪಾಯಿಂಟ್ ತರ್ಟಿಟೂ ಕೊಡಿ’ ಎಂದರೆ ಎರಡು ಬೇರೆ ಬೇರೆ ತೋಟೆಗಳಿವೆ. ರಿವಾಲ್ವರಿನದು ಉದ್ದ, ತಳದ ಅಂಚು ಅಗಲ. ಪಿಸ್ತೂಲಿನದು ಗಿಡ್ಡ, ಅಂಚು ಕಂಡೂ ಕಾಣದಷ್ಟು. ರಿವಾಲ್ವರಿನ ತೋಟೆ ಪಿಸ್ತೂಲಿನ ಮ್ಯಾಗಜಿನ್ನಿಗೆ ಹೋಗದು. ಆದರೆ ಪಿಸ್ತೂಲಿನ ಗಿಡ್ಡ ತೋಟೆ ಕೆಲವು ರಿವಾಲ್ವರುಗಳ ಉರುಳೆಗೆ ಇಳಿದುಬಿಡುತ್ತದೆ, ಅದನ್ನು ಹಾರಿಸುವುದು ಅಪಾಯ. ಪೆಟ್ಟಿಗೆಯ ಮೇಲಿನ ಬರಹ, ತೋಟೆಯ ತಳದ ಅಚ್ಚು, ಬಂದೂಕಿನ ಮೇಲಿನ ಅಚ್ಚು ಮೂರೂ ತಾಳೆಯಾಗಬೇಕು.

ಎಣ್ಣೆ, ಬೆವರು, ಎಲೆಅಡಿಕೆ

ಮಳೆಗಾಲದಲ್ಲಿ ಕತ್ತಿ ಕುಡುಗೋಲಿಗೆ ಹಚ್ಚುವ ಹಾಗೆ ಪಿಸ್ತೂಲಿಗೂ ಕೊಬ್ಬರಿ ಎಣ್ಣೆ ಹಚ್ಚುವ ಮನೆಗಳಿವೆ. ಕೊಬ್ಬರಿ ಎಣ್ಣೆ ಡಿಸೆಂಬರ್ ಚಳಿಗೆ ಗಟ್ಟಿಯಾಗುತ್ತದೆ, ಬರಬರುತ್ತಾ ಕಮಟು ವಾಸನೆಯ ಅಂಟಾಗುತ್ತದೆ. ಕಡಲೆಕಾಯಿ ಎಣ್ಣೆ ಅದಕ್ಕಿಂತ ಕಡೆ. ಬಂದೂಕಿನ ಎಣ್ಣೆ ಸಿಗದಿದ್ದರೆ ಹೊಲಿಗೆ ಮಿಷನ್ನಿನ ಎಣ್ಣೆ ಆದೀತು, ಅದೂ ಹನಿಲೆಕ್ಕದಲ್ಲಿ: ಸ್ಲೈಡ್ ಜಾರುವ ಎರಡು ಗೆರೆಗೆ, ನಳಿಗೆಯ ಹೊರಮೈಗೆ, ಒರೆಸಿದ್ದೇ ಕಾಣದಷ್ಟು. ಸುರಿದರೆ ಧೂಳು ಅಂಟಿ ಕೆಸರಾಗುತ್ತದೆ.

ಸೊಂಟದಲ್ಲಿ ಒಯ್ದದ್ದನ್ನು ಬೇಸಿಗೆಯಲ್ಲಿ ದಿನಾ ಸಂಜೆ ಒಣಬಟ್ಟೆಯಿಂದ ಒರೆಸಬೇಕು. ಬೆವರಿನ ಉಪ್ಪಿಗೆ ಒಂದು ರಾತ್ರಿ ಸಾಕು, ಹಿಡಿಯ ಸ್ಕ್ರೂ ಸುತ್ತ ಕೆಂಪು ಚುಕ್ಕೆ ಏಳುತ್ತದೆ. ಪ್ಯಾಂಟಿನ ಜೇಬಿನಲ್ಲಿ ಇಟ್ಟರೆ ಅದೇ ಜೇಬಿನಲ್ಲಿ ಬೀಗದಕೈ, ಚಿಲ್ಲರೆ, ಅಡಿಕೆ ಚೂರು ಇರಕೂಡದು. ಬಟ್ಟೆಯ ನೂಲು, ಸುಣ್ಣದ ಪುಡಿ ಸೇರಿ ಕುದುರೆಯ, ಅಂದರೆ ಹ್ಯಾಮರಿನ, ಬುಡದಲ್ಲಿ ಒಂದು ಉಂಡೆ ಕಟ್ಟುವುದನ್ನು ಕಂಡಿದ್ದೇನೆ. ಅದರ ಮೇಲೆ ಬಡಿದ ಕುದುರೆಗೆ ಜೋರೇ ಇರುವುದಿಲ್ಲ. ಪಂಚೆ ಉಡುವವರದು ಬೇರೆ ಕಷ್ಟ. ಪಂಚೆಯ ಗಂಟಿಗೆ ಸಿಕ್ಕಿಸಿಕೊಂಡರೆ ಬಸ್ಸು ಹತ್ತುವಾಗ ಜಾರಿ ಬೀಳುತ್ತದೆ, ನಿಯಮಕ್ಕೂ ಹೊರತು. ಅಗಲ ಬೆಲ್ಟು, ಟ್ರಿಗರನ್ನು ಪೂರ್ತಿ ಮುಚ್ಚುವ ಗಟ್ಟಿ ಹೋಲ್‌ಸ್ಟರ್ ಬೇಕೇಬೇಕು.

ಬಿದ್ದರೆ ಏನಾಗುತ್ತದೆ ಎಂಬುದೂ ನಂಬಿಕೆಯ ಪ್ರಶ್ನೆಯೇ. ಬೇಕಾದಾಗ ಹಾರದಿರುವುದು ಒಂದು ದೋಷವಾದರೆ ಬೇಡವಾದಾಗ ಹಾರುವುದು ಅದಕ್ಕಿಂತ ದೊಡ್ಡದು. ಅಮೆರಿಕದ ರೂಗರ್ ಕಂಪನಿ 2008ರಲ್ಲಿ ತನ್ನ ಹೊಚ್ಚ ಹೊಸ ಕಿಸೆ ಪಿಸ್ತೂಲನ್ನು, ತೋಟೆ ತುಂಬಿದ್ದಾಗ ಬಿದ್ದರೆ ಹಾರಬಹುದು ಎಂದು ವಾಪಸು ಕರೆಯಬೇಕಾಯಿತು. ಹಳೆಯ ಆಮದು ಪಿಸ್ತೂಲುಗಳಲ್ಲಿ ಬಿದ್ದಾಗ ತಡೆಯುವ ವ್ಯವಸ್ಥೆ ಇಲ್ಲದ್ದೇ ಹೆಚ್ಚು. ಅಂಥವುಗಳ ನಳಿಗೆಯಲ್ಲಿ ತೋಟೆ ಇಟ್ಟುಕೊಂಡು ಓಡಾಡಬೇಡಿ. ಹಳೆಯ ರಿವಾಲ್ವರಾದರೆ ಕುದುರೆಯ ಎದುರಿನ ಮನೆ ಖಾಲಿ ಇರಲಿ, ಐದೇ ತೋಟೆ ಸಾಕು.

ಪರೀಕ್ಷೆ ಮಾಡುವುದು

ಹೊಡೆದು ನೋಡದ ಪಿಸ್ತೂಲಿನ ನಂಬಿಕೆ ಬರೀ ಬಾಯಿಮಾತು. ಆದರೆ ಸ್ವಂತ ತೋಟದಲ್ಲಿ ಮರಕ್ಕೆ ಹೊಡೆದು ನೋಡುವುದಲ್ಲ; .32 ಗುಂಡು ಮರ ತಪ್ಪಿದರೆ ಪಕ್ಕದ ಜಮೀನಿನ ಆಚೆಗೂ ಹೋಗುತ್ತದೆ. ಮಣ್ಣಿನ ದಿಬ್ಬವಿರುವ ಪರವಾನಗಿಯ ರೇಂಜಿಗೇ ಹೋಗಬೇಕು. ರಾಜ್ಯದ ಹಲವು ಜಿಲ್ಲೆಗಳಲ್ಲಿ ಪೊಲೀಸ್ ಇಲಾಖೆ ನಾಗರಿಕ ಬಂದೂಕು ತರಬೇತಿ ನಡೆಸುತ್ತದೆ. 2016ರ ನಿಯಮಗಳೂ ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಕೇಳುತ್ತವೆ. ಅಲ್ಲಿನ ಉಸ್ತಾದರ ಪರಿಚಯ ಮಾಡಿಕೊಂಡರೆ ಮುಂದಿನ ದಾರಿ ಅವರೇ ಹೇಳುತ್ತಾರೆ.

ತೋಟೆ ಉಳಿಸಿ ಪರೀಕ್ಷಿಸುವ ಕ್ರಮ ಇದೆ. ಮೊದಲು ಮದ್ದಿಲ್ಲದ ನಕಲಿ ತೋಟೆಗಳನ್ನು ತುಂಬಿ ಸ್ಲೈಡನ್ನು ಕೈಯಿಂದ ಎಳೆದು ಬಿಡುತ್ತಾ ಎಲ್ಲ ಮ್ಯಾಗಜಿನ್ನುಗಳಿಂದಲೂ ನಯವಾಗಿ ಏರುತ್ತವೆಯೇ ನೋಡಿ. ಸ್ಲೈಡನ್ನು ಕೈಹಿಡಿದು ಮುಂದೆ ಕಳಿಸಬೇಡಿ, ಪೂರ್ತಿ ಎಳೆದು ಬಿಟ್ಟುಬಿಡಿ. ಆಮೇಲೆ ರೇಂಜಿನಲ್ಲಿ, ನೀವು ನಿಜಕ್ಕೂ ಒಯ್ಯುವ ತೋಟೆಯಿಂದಲೇ, ಐವತ್ತಾದರೂ ಹೊಡೆಯಿರಿ. ಒಂದೇ ದಿನ ಆಗಬೇಕೆಂದಿಲ್ಲ. ಕೊನೆಯ ಮ್ಯಾಗಜಿನ್ ಒಂಟಿ ಕೈಯಲ್ಲಿ, ಎಡಗೈಯಲ್ಲಿ. ಒಂದಾದರೂ ಸಿಕ್ಕಿಕೊಂಡರೆ ಕಾರಣ ಹುಡುಕಿ ಸರಿಮಾಡಿಸಿ ಮತ್ತೆ ಮೊದಲಿನಿಂದ.

ಟ್ರಿಗರ್ ಎಳೆದೂ ಹಾರದಿದ್ದಾಗ ತಕ್ಷಣ ತಿರುಗಿಸಿ ಮೂತಿ ನೋಡಿಕೊಳ್ಳುವ ಚಪಲ ಪ್ರಾಣಕ್ಕೆ ಎರವು. ಮೂತಿಯನ್ನು ದಿಬ್ಬದ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಿರಿ; ಕೆಲವು ತೋಟೆ ತಡವಾಗಿ ಹಾರುತ್ತವೆ. ಆಮೇಲೆ ಹೊರತೆಗೆದು ಕೇಪಿನ ಮೇಲಿನ ಗುಳಿ ನೋಡಿ. ಗುಳಿ ಆಳವಾಗಿದ್ದರೆ ತಪ್ಪು ತೋಟೆಯದು. ಗುಳಿ ಮೇಲುಮೇಲಾಗಿದ್ದರೆ ಬಂದೂಕಿನ ಸ್ಪ್ರಿಂಗ್ ಸೊರಗಿದೆ, ಇಲ್ಲವೇ ಕೊಳೆ ಸೇರಿದೆ. ಎಂದಿಗಿಂತ ಸಪ್ಪೆಯಾಗಿ ‘ಪುಸ್’ ಎಂದು ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಿ. ಗುಂಡು ನಳಿಗೆಯ ನಡುವೆ ನಿಂತಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಉಬ್ಬುತ್ತದೆ ಅಥವಾ ಒಡೆಯುತ್ತದೆ.

ರಿಪೇರಿ ಎಂದರೆ ಪರವಾನಗಿ ಇರುವ ಬಂದೂಕು ಕೆಲಸಗಾರ ಮಾತ್ರ. ಊರಿನ ಲೇತಿನವನು ಪಂಪ್‌ಸೆಟ್ಟಿಗೆ ಜಾಣನಿರಬಹುದು, ಬಂದೂಕು ರಿಪೇರಿಗೂ ಕಾಯ್ದೆಯಲ್ಲಿ ಪ್ರತ್ಯೇಕ ಪರವಾನಗಿ ಬೇಕು. ಕೈಗೆಟಕುವ ಬೆಲೆಗೆ ಸಿಗುತ್ತದೆಂದು ಯಾರಾದರೂ ತೋರಿಸುವ ನಾಡ ಪಿಸ್ತೂಲಿನ ವಿಷಯಕ್ಕೆ ಹೋಗಲೇಬೇಡಿ. ಅಳತೆ ತಪ್ಪಿದ ನಳಿಗೆ ಮೊದಲು ಕೆಡಿಸುವುದು ಹಿಡಿದವನ ಕೈಯನ್ನೇ. ಪರವಾನಗಿ ಇಲ್ಲದೆ ಇಟ್ಟುಕೊಂಡದ್ದಕ್ಕೆ 2019ರಿಂದ ಕನಿಷ್ಠ ಶಿಕ್ಷೆಯೇ ಎರಡು ವರ್ಷ, ಐದರವರೆಗೂ ಹೋಗಬಹುದು.

ಚುನಾವಣೆ ಬಂದಾಗ, ವಾರಸುದಾರಿಕೆ ಬಂದಾಗ

ಚುನಾವಣೆ ಘೋಷಣೆಯಾದರೆ ಠಾಣೆಯಿಂದ ಕರೆ ಬರುತ್ತದೆ. 2024ರ ಲೋಕಸಭಾ ಚುನಾವಣೆಯ ನೀತಿ ಸಂಹಿತೆ ಜಾರಿಯಾದದ್ದು ಮಾರ್ಚ್ 16ಕ್ಕೆ, ಹಾಸನದಲ್ಲಿ ಮತದಾನ ಏಪ್ರಿಲ್ 26ಕ್ಕೆ, ಎಣಿಕೆ ಜೂನ್ 4ಕ್ಕೆ. ಅಂದರೆ ಬೇಸಿಗೆಯ ನಡುವೆ ಒಪ್ಪಿಸಿದ ಬಂದೂಕು ಮನೆಗೆ ಮರಳುವ ಹೊತ್ತಿಗೆ ಮುಂಗಾರು ಬಂದಾಗಿರುತ್ತದೆ. ಕೊಡುವ ಮುನ್ನ ಪೂರ್ತಿ ಬಿಚ್ಚಿ ಒರೆಸಿ, ಎಂದಿಗಿಂತ ತುಸು ಧಾರಾಳವಾಗಿ ಎಣ್ಣೆ ಸವರಿ, ಎಣ್ಣೆಬಟ್ಟೆಯಲ್ಲಿ ಸುತ್ತಿ, ಚರ್ಮದ ಚೀಲ ಮನೆಯಲ್ಲೇ ಬಿಟ್ಟು ಒಯ್ಯಿರಿ. ರಸೀದಿಯಲ್ಲಿ ನಂಬರು, ತೋಟೆಗಳ ಎಣಿಕೆ, ಮ್ಯಾಗಜಿನ್ನುಗಳ ಎಣಿಕೆ ಬರೆಸಿಕೊಳ್ಳಿ. ಪರವಾನಗಿ ಇರುವ ಬಂದೂಕು ಅಂಗಡಿಯಲ್ಲಿ ಠೇವಣಿ ಇಡಲೂ ಅವಕಾಶವಿದೆ. ಅಲ್ಲಿ ತೇವದ ಕಾಳಜಿ ಸ್ವಲ್ಪ ಹೆಚ್ಚು ಎಂಬುದು ಹಲವರ ಅನುಭವ. ಮರಳಿ ಬಂದ ದಿನವೇ ಬಿಚ್ಚಿ, ನಳಿಗೆಯೊಳಗೆ ಬೆಳಕು ಹಾಯಿಸಿ, ಹೆಚ್ಚಿನ ಎಣ್ಣೆ ಒರೆಸಿ ತೆಗೆಯಬೇಕು.

ಅಪ್ಪನ ಕಾಲದ ವೆಬ್ಲಿಯೋ ಬ್ರೌನಿಂಗೋ ಮಕ್ಕಳ ಕೈಗೆ ಬರುವುದು ನಮ್ಮ ಕಡೆ ಮಾಮೂಲಿ. ಪರವಾನಗಿದಾರರು ತೀರಿಕೊಂಡ ಮೇಲೆ ‘ತಿಥಿ ಮುಗಿಯಲಿ’ ಎಂದು ಬೀರುವಿನಲ್ಲೇ ಬಿಡುವುದು ತಪ್ಪು. ಪರವಾನಗಿ ಇಲ್ಲದವರ ಮನೆಯಲ್ಲಿ ಅದು ಅಕ್ರಮ ಆಯುಧ. ಠಾಣೆಗೋ ಅಂಗಡಿಗೋ ಒಪ್ಪಿಸಿ ರಸೀದಿ ಪಡೆದು ಆಮೇಲೆ ವಾರಸುದಾರರ ಹೆಸರಿಗೆ ಅರ್ಜಿ ಹಾಕಬೇಕು. ತಂದೆಗೆ 70 ವರ್ಷ ತುಂಬಿದ್ದರೆ, ಅಥವಾ ಪರವಾನಗಿ ಪಡೆದು 25 ವರ್ಷವಾಗಿದ್ದರೆ, ಅವರು ಇರುವಾಗಲೇ ವಾರಸುದಾರರಿಗೆ ವರ್ಗಾಯಿಸಲು 2016ರ ನಿಯಮಗಳಲ್ಲಿ ದಾರಿ ಇದೆ, ಅದೇ ಸಲೀಸು. ಅರ್ಜಿದಾರನಿಗೆ 21 ತುಂಬಿರಬೇಕು. ಪರವಾನಗಿ ಕೈಗೆ ಬಂದ ಮೇಲೂ ಹಳೆಯ ಪಿಸ್ತೂಲಿಗೆ ತೋಟೆ ತುಂಬುವ ಆತುರ ಬೇಡ. ಮೊದಲು ಬಂದೂಕು ಕೆಲಸಗಾರನ ಹತ್ತಿರ ಹೋಗಿ ಸ್ಲೈಡಿನ ಸ್ಪ್ರಿಂಗ್, ಮ್ಯಾಗಜಿನ್ನಿನ ಸ್ಪ್ರಿಂಗ್, ಕೇಪಿಗೆ ಬಡಿಯುವ ಮೊಳೆ ಮತ್ತು ಅದರ ಸ್ಪ್ರಿಂಗ್ ನಾಲ್ಕನ್ನೂ ಬದಲಿಸಿಕೊಳ್ಳಿ. ಆ ಮಾದರಿಗೆ ಸ್ಪ್ರಿಂಗ್ ಎಲ್ಲೂ ಸಿಗದು ಎಂದು ಅವನು ಕೈಚೆಲ್ಲಿದರೆ ಅದನ್ನು ಗೋಡೆಯ ಪೆಟ್ಟಿಗೆಯಲ್ಲಿ ಖಾಲಿಯಾಗಿ, ಬೀಗ ಹಾಕಿ ಇಡಿ, ಸೊಂಟಕ್ಕೆ ಬೇರೆ ನೋಡಿ.